ವೋರ್ಮ್ಸ್‌ನ ಯಹೂದಿ ಸ್ಮಶಾನಕ್ಕೆ ಅಪ್ಪ-ಅಮ್ಮನನ್ನು ಕರೆದುಕೊಂಡು ಹೋಗಬಹುದಾ?

ಪ್ರಶ್ನೆ: ನಾವು ಜರ್ಮನಿಯ ಹೈಡೆಲ್‌ಬರ್ಗ್ ಹತ್ತಿರ ಇದ್ದೇವೆ. ಮೇ ತಿಂಗಳಲ್ಲಿ ದಾವಣಗೆರೆಯಿಂದ ಅಪ್ಪ-ಅಮ್ಮ ಬರುತ್ತಿದ್ದಾರೆ. ವೋರ್ಮ್ಸ್ ಊರಿನ ಹಳೇ ಯಹೂದಿ ಸ್ಮಶಾನ ಯುನೆಸ್ಕೋ ಪಟ್ಟಿಯಲ್ಲಿದೆ ಅಂತ ಕೇಳಿ ಅಲ್ಲಿಗೆ ಒಂದು ದಿನ ಹೋಗೋಣ ಅಂದುಕೊಂಡಿದ್ದೇನೆ. ಫೋನಿನಲ್ಲಿ ಹೇಳಿದ್ದಕ್ಕೆ ಅಮ್ಮ, 'ಅಷ್ಟು ದೂರ ಬಂದು ಸ್ಮಶಾನ ನೋಡಬೇಕಾ?' ಅಂದರು. ಅಪ್ಪನಿಗೆ ಇತಿಹಾಸ ಅಂದರೆ ಇಷ್ಟ, ಆದರೆ ಮಂಡಿ ನೋವು. ಎಂಟು ವರ್ಷದ ಮಗನೂ ಇರುತ್ತಾನೆ. ನಮಗೆ ಶನಿವಾರ ಅನುಕೂಲ. ಹೋಗುವುದು ಸರಿಯಾ? ಅಲ್ಲಿ ಹೇಗೆ ನಡೆದುಕೊಳ್ಳಬೇಕು? ಊರಲ್ಲಿ ಬೇರೆ ಏನೇನು ನೋಡಬಹುದು? ಅಮ್ಮ ಮೊಟ್ಟೆಯನ್ನೂ ತಿನ್ನುವುದಿಲ್ಲ.

ಉತ್ತರ: ಹೋಗಿ. ಆದರೆ ಶನಿವಾರ ಬೇಡ. ಶನಿವಾರ ಯಹೂದಿಗಳ ಸಬ್ಬತ್, ಅಂದರೆ ವಿಶ್ರಾಂತಿಯ ದಿನ, ಅವತ್ತು ಸ್ಮಶಾನದ ಬಾಗಿಲು ಹಾಕಿರುತ್ತದೆ. ಅವರ ಹಬ್ಬದ ದಿನಗಳಲ್ಲೂ ಹಾಗೆಯೇ. ಮೇ ಅಂತೀರಿ, ಮೇ ಮಧ್ಯದಿಂದ ಜೂನ್ ಮಧ್ಯದೊಳಗೆ ಶಾವುಒತ್ ಅನ್ನುವ ಹಬ್ಬ ಬರುತ್ತದೆ, ದಿನ ಗೊತ್ತು ಮಾಡುವ ಮೊದಲು ಅದನ್ನೊಂದು ನೋಡಿಕೊಳ್ಳಿ. ಶನಿವಾರ ಹೋಗಿ ಗೇಟಿನ ಸಂದಿಯಿಂದ ಇಣುಕಿ ವಾಪಸ್ ಬಂದವರು ಬಹಳ ಜನ. ಭಾನುವಾರ ಇಟ್ಟುಕೊಳ್ಳಿ.

ಮೊದಲು ಅಮ್ಮನ ಮಾತಿಗೆ ಬರೋಣ. ಅವರು ಕೇಳಿದ್ದರಲ್ಲಿ ತಪ್ಪೇನಿಲ್ಲ. ನಮ್ಮಲ್ಲಿ ಸ್ಮಶಾನಕ್ಕೆ ಸುಮ್ನೆ ಯಾರೂ ಹೋಗುವುದಿಲ್ಲ. ಹೋದರೂ ಬಂದು ತಲೆಗೆ ನೀರು ಹಾಕಿಕೊಳ್ಳುತ್ತೇವೆ. ಆದರೆ ಅವರನ್ನೇ ಒಂದು ಮಾತು ಕೇಳಿ: ವಿಜಯಪುರಕ್ಕೆ ಹೋದಾಗ ಗೋಳಗುಮ್ಮಟ ನೋಡದೆ ಬಂದಿದ್ದಾರಾ? ಅದೂ ಸಮಾಧಿಯೇ ಅಲ್ವಾ. ಇನ್ನೊಂದು ವಿಷಯ ಹೇಳಿದರೆ ಅವರಿಗೆ ಸಮಾಧಾನ ಆಗಬಹುದು. ಯಹೂದಿಗಳಲ್ಲೂ ಇಂಥ ಮಡಿ-ಮೈಲಿಗೆ ಉಂಟು. ಕೊಹೆನ್ ಅನ್ನುವ ಪುರೋಹಿತ ವಂಶದವರು ಸ್ಮಶಾನದೊಳಗೆ ಕಾಲಿಡುವುದಿಲ್ಲ. ಉಳಿದವರು ಹೊರಗೆ ಬರುವಾಗ ಕೈ ತೊಳೆದುಕೊಳ್ಳುತ್ತಾರೆ. ವೋರ್ಮ್ಸ್‌ನಲ್ಲೂ ಬಾಗಿಲ ಹತ್ತಿರ ಅದಕ್ಕೆಂದೇ ಹಳೇ ಏರ್ಪಾಡು ಇದೆ. ಇಷ್ಟು ಹೇಳಿದ ಮೇಲೂ ಅಮ್ಮನಿಗೆ ಮನಸ್ಸಿಲ್ಲ ಅಂದರೆ ಬಲವಂತ ಬೇಡ. ಹತ್ತೇ ನಿಮಿಷ ನಡೆದರೆ ಕೆಥೆಡ್ರಲ್ ಅನ್ನುವ ದೊಡ್ಡ ಚರ್ಚು, ಅದರ ಪಕ್ಕದಲ್ಲಿ ನೆರಳಿರುವ ತೋಟ. ನಿಮ್ಮ ಮನೆಯವರೊಬ್ಬರು ಅವರ ಜೊತೆ ಅಲ್ಲಿ ಕೂತಿರಲಿ.

ಇನ್ನು ಊರಿನ ಬಗ್ಗೆ. ವೋರ್ಮ್ಸ್ ರೈನ್ ನದಿಯ ಎಡದಂಡೆಯ ಊರು. ಜನಸಂಖ್ಯೆ ಎಂಬತ್ತು ಸಾವಿರದ ಮೇಲೆ ಸ್ವಲ್ಪ. ನಿಮ್ಮ ಹೈಡೆಲ್‌ಬರ್ಗ್ ತರಹ ಕಣ್ಣಿಗೆ ಹಬ್ಬ ಅಂತ ತಿಳಿಯಬೇಡಿ. 1945ರ ಬಾಂಬ್ ದಾಳಿಯಲ್ಲಿ ಹಳೇ ಪೇಟೆ ಬಹುಪಾಲು ನೆಲಸಮವಾಯಿತು. ಈಗಿರುವ ಅಂಗಡಿ ಬೀದಿಗಳು ಯುದ್ಧದ ನಂತರ ಅವಸರದಲ್ಲಿ ಕಟ್ಟಿದ್ದು, ನೋಡಲು ಸಾಧಾರಣ. ಇಲ್ಲಿ ಎರಡೇ ಗಂಟೆ ಸುತ್ತಿದವರು 'ಏನೂ ಇಲ್ಲ ಈ ಊರಲ್ಲಿ' ಅಂತ ಹೊರಟುಬಿಡುತ್ತಾರೆ. ಹಾಗಾಗಬಾರದು ಅಂದರೆ ಸ್ಮಶಾನವನ್ನೇ ಮೊದಲು ನೋಡಿ. ಅರ್ಧ ಹೊತ್ತು ಅದಕ್ಕೇ ಕೊಡಿ. ಕಾರಣ ಇದೆ. ಇಲ್ಲಿನ ಸಿನಗಾಗ್, ಅಂದರೆ ಯಹೂದಿಗಳ ಪ್ರಾರ್ಥನಾ ಮಂದಿರ, ಹಲವು ಸಲ ಬಿದ್ದು, ಸುಟ್ಟು, ಮತ್ತೆ ಎದ್ದ ಕಟ್ಟಡ. ಪೇಟೆ ಹೊಸದು. ಸ್ಮಶಾನ ಮಾತ್ರ ಅಸಲು. ಸುಮಾರು ಸಾವಿರ ವರ್ಷದ ಹಿಂದೆ ಯಾವ ಕಲ್ಲನ್ನು ಎಲ್ಲಿ ನೆಟ್ಟರೋ ಹೆಚ್ಚಿನವು ಅಲ್ಲಲ್ಲೇ ನಿಂತಿವೆ.

ಅದರ ಹೆಸರು ಹೈಲಿಗರ್ ಸಾಂಡ್, ಅಂದರೆ ಪವಿತ್ರ ಮರಳು. ಜೆರುಸಲೇಮಿನಿಂದ ಮಣ್ಣು ತಂದು ಇಲ್ಲಿ ಹರಡಿದ್ದರು ಅಂತ ಒಂದು ಕತೆ ಹೇಳುತ್ತಾರೆ. ಕತೆ ಕತೆಯೇ. ಓದಲು ಸಿಗುವ ಅತಿ ಹಳೇ ಕಲ್ಲು 1058-59ರದ್ದು. ಹಾಗಾಗಿ ಯುರೋಪಿನಲ್ಲಿ ಇದ್ದಲ್ಲೇ ಉಳಿದುಕೊಂಡ ಅತಿ ಹಳೇ ಯಹೂದಿ ಸ್ಮಶಾನ ಅಂತ ಇದನ್ನು ಕರೆಯುತ್ತಾರೆ. ಸುಮಾರು ಎರಡೂವರೆ ಸಾವಿರ ಕಲ್ಲುಗಳಿವೆ. 1911ರಲ್ಲಿ ಊರಾಚೆ ಹೊಸ ಸ್ಮಶಾನ ಆದ ಮೇಲೆ ಇಲ್ಲಿ ಹೂಳುವುದು ಹೆಚ್ಚುಕಮ್ಮಿ ನಿಂತಿತು. 2021ರ ಜುಲೈನಲ್ಲಿ ಸ್ಪೈಯರ್, ವೋರ್ಮ್ಸ್, ಮೈನ್ಜ್ ಈ ಮೂರೂ ಊರಿನ ಯಹೂದಿ ತಾಣಗಳನ್ನು ಸೇರಿಸಿ ಯುನೆಸ್ಕೋ ವಿಶ್ವಪರಂಪರೆ ಪಟ್ಟಿಗೆ ಹಾಕಿತು. ಮೂರೂ ಊರಿನ ಹೀಬ್ರೂ ಹೆಸರುಗಳ ಮೊದಲಕ್ಷರ ಕೂಡಿಸಿ ಶೂಮ್ ಅನ್ನುತ್ತಾರೆ. ರೈಲು ನಿಲ್ದಾಣದಲ್ಲೂ ಬೋರ್ಡುಗಳಲ್ಲೂ ಈ ಹೆಸರು ಕಂಡರೆ ಗಾಬರಿ ಬೇಡ.

ಒಳಗೆ ಕಾಲಿಟ್ಟ ತಕ್ಷಣ ಅಪ್ಪ ಕೇಳಬಹುದು: 'ಇಷ್ಟು ಶಿಸ್ತಿನ ಜರ್ಮನಿಯಲ್ಲಿ ಇದನ್ನು ಯಾಕೆ ಹೀಗೆ ಬಿಟ್ಟಿದ್ದಾರೆ?' ಹುಲ್ಲು ಬೆಳೆದಿರುತ್ತದೆ. ಕಲ್ಲುಗಳು ಆಚೆ ಈಚೆ ವಾಲಿರುತ್ತವೆ. ಕೆಲವು ಅರ್ಧ ಮಣ್ಣಲ್ಲಿ ಹೂತಿರುತ್ತವೆ. ಇದು ಅಲಕ್ಷ್ಯ ಅಲ್ಲ. ಜರ್ಮನಿಯ ಸಾಮಾನ್ಯ ಸ್ಮಶಾನಗಳಲ್ಲಿ ಸಮಾಧಿ ಜಾಗ ಬಾಡಿಗೆಗೆ ಇದ್ದಂತೆ. ಇಪ್ಪತ್ತೋ ಮೂವತ್ತೋ ವರ್ಷದ ಅವಧಿ ಮುಗಿದ ಮೇಲೆ ಮನೆಯವರು ಮತ್ತೆ ಹಣ ಕಟ್ಟದಿದ್ದರೆ ಕಲ್ಲು ತೆಗೆದು ಜಾಗವನ್ನು ಬೇರೆಯವರಿಗೆ ಕೊಡುತ್ತಾರೆ. ಯಹೂದಿಗಳಲ್ಲಿ ಹಾಗಿಲ್ಲ. ಒಮ್ಮೆ ಹೂಳಿದ ಜಾಗ ಆ ಸತ್ತವರದ್ದೇ, ಕೊನೇ ತನಕ. ತೋಡುವಂತಿಲ್ಲ, ಮಾರುವಂತಿಲ್ಲ, ಮೇಲೆ ಇನ್ನೊಬ್ಬರನ್ನು ಇಡುವಂತಿಲ್ಲ. ಆದ್ದರಿಂದಲೇ ಸಾವಿರ ವರ್ಷದ ಕಲ್ಲು ನಮಗೆ ಸಿಕ್ಕಿದೆ.

ಬಾಗಿಲ ಹತ್ತಿರದ ತಗ್ಗಿನ ಭಾಗ ಹಳೆಯದು. ಹಿಂದೆ ಎತ್ತರದಲ್ಲಿರುವುದು ಹದಿನೆಂಟನೇ ಶತಮಾನದಿಂದ ಈಚಿನದು. ಅಪ್ಪನ ಮಂಡಿಯ ದೃಷ್ಟಿಯಿಂದ ಹಳೇ ಭಾಗ ಸಾಕು. ನೋಡಲೇಬೇಕಾದದ್ದು ಅಲ್ಲೇ, ಬಾಗಿಲಿಂದ ದೂರವೇನಿಲ್ಲ: ಅಕ್ಕಪಕ್ಕ ನಿಂತ ಎರಡು ಕಲ್ಲು. ಹುಡುಕುವುದು ಕಷ್ಟವಲ್ಲ. ನೆತ್ತಿಯ ಮೇಲೆ ಸಣ್ಣ ಕಲ್ಲುಗಳ ರಾಶಿ, ಸಂದಿಗಳಲ್ಲಿ ಮಡಿಸಿಟ್ಟ ಚೀಟಿ ಇರುತ್ತವೆ.

ಒಂದು ರೋಥೆನ್‌ಬುರ್ಗ್‌ನ ರಬ್ಬಿ ಮೇಯಿರ್ ಅವರದು. ರಬ್ಬಿ ಅಂದರೆ ಯಹೂದಿ ಧರ್ಮಗುರು. ಹದಿಮೂರನೇ ಶತಮಾನದಲ್ಲಿ ಜರ್ಮನಿಯ ಯಹೂದಿಗಳಿಗೆಲ್ಲ ಅವರ ಮಾತೇ ಕೊನೇ ಮಾತು. ಹುಟ್ಟಿದ್ದು ವೋರ್ಮ್ಸ್‌ನಲ್ಲೇ. 1286ರಲ್ಲಿ ಮನೆಮಂದಿಯ ಜೊತೆ ದೇಶ ಬಿಟ್ಟು ಹೊರಟಾಗ ದಾರಿಯಲ್ಲಿ ಹಿಡಿದು ರಾಜ ಹಾಬ್ಸ್‌ಬುರ್ಗ್‌ನ ರುಡೋಲ್ಫ್‌ಗೆ ಒಪ್ಪಿಸಿದರು. ಬಿಡಿಸಿಕೊಳ್ಳಲು ಸಮುದಾಯ ದೊಡ್ಡ ಮೊತ್ತ ಕೊಡಲು ತಯಾರಿತ್ತು. ಅವರೇ ಬೇಡ ಅಂದರಂತೆ. ಒಮ್ಮೆ ಹಣ ಕೊಟ್ಟರೆ ನಾಳೆ ಇನ್ನೊಬ್ಬ ರಬ್ಬಿಯನ್ನು ಹಿಡಿಯುತ್ತಾರೆ ಅನ್ನುವುದು ಅವರ ಲೆಕ್ಕ. ಏಳು ವರ್ಷ ಸೆರೆಯಲ್ಲೇ ಇದ್ದು 1293ರಲ್ಲಿ ತೀರಿಕೊಂಡರು. ಆಮೇಲೂ ದೇಹ ಕೊಡಲಿಲ್ಲ. ಹದಿನಾಲ್ಕು ವರ್ಷ ಕಳೆದ ಮೇಲೆ, 1307ರಲ್ಲಿ, ಅಲೆಕ್ಸಾಂಡರ್ ಬೆನ್ ಸಾಲೊಮನ್ ವಿಂಪ್ಫೆನ್ ಅನ್ನುವ ವರ್ತಕ ಕೈಯಿಂದ ಹಣ ಕಟ್ಟಿ ದೇಹ ಬಿಡಿಸಿ ತಂದ. ಆತ ಕೇಳಿದ್ದು ಒಂದೇ: ನನ್ನನ್ನೂ ಅವರ ಪಕ್ಕದಲ್ಲೇ ಹೂಳಿ ಅಂತ. ಪಕ್ಕದ ಕಲ್ಲು ಅವನದೇ.

ಮೇಯಿರ್ ಅವರ ಕಲ್ಲಿನ ಬರಹದಲ್ಲಿ ಇದೆಲ್ಲ ಇದೆ. ರಾಜ ಹಿಡಿದ ವರ್ಷ, ಸೆರೆಯಲ್ಲಿ ಸತ್ತ ವರ್ಷ, ಮಣ್ಣಿಗೆ ಕೊಟ್ಟ ವರ್ಷ, ಮೂರನ್ನೂ ಕೆತ್ತಿದ್ದಾರೆ: 46, 53, 67. ಇದು ಯಹೂದಿ ಪಂಚಾಂಗದ ಲೆಕ್ಕ, ಐದು ಸಾವಿರವನ್ನು ಬಿಟ್ಟು ಉಳಿದದ್ದು. 1240 ಕೂಡಿಸಿದರೆ ನಮ್ಮ ಇಸವಿ ಬರುತ್ತದೆ. ಮಗನಿಗೆ ಈ ಲೆಕ್ಕ ಕೊಡಿ. 53ಕ್ಕೆ 1240 ಸೇರಿಸು ಅಂದರೆ 1293 ಅಂತ ಅವನೇ ಹೇಳುತ್ತಾನೆ. ಕಲ್ಲಿನ ಮೇಲಿರುವುದು ಹೀಬ್ರೂ, ಬಲದಿಂದ ಎಡಕ್ಕೆ ಓದುವುದು. ಅಕ್ಷರ ಬರದಿದ್ದರೂ ಈ ಲೆಕ್ಕ ಗೊತ್ತಿದ್ದರೆ ಹುಡುಗರಿಗೆ ಕಲ್ಲಿನ ಜೊತೆ ಏನೋ ಒಂದು ಕೆಲಸ ಸಿಗುತ್ತದೆ. ಇಲ್ಲದಿದ್ದರೆ ಹತ್ತು ನಿಮಿಷಕ್ಕೆ 'ಹೋಗೋಣ ಬಾ' ಶುರು.

ಅಪ್ಪನಿಗೆ ಇನ್ನೊಂದು ಕಲ್ಲು ತೋರಿಸಿ. ಇಲ್ಲಿನ ಹಳೇ ಕಲ್ಲುಗಳು ಜೆರುಸಲೇಮ್ ಇರುವ ಪೂರ್ವಕ್ಕೆ ಮುಖ ಮಾಡದೆ ದಕ್ಷಿಣಕ್ಕೆ ಮುಖ ಮಾಡಿವೆ. ಯಾಕೆ ಅನ್ನುವುದಕ್ಕೆ ಪಂಡಿತರು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. 1427ರಲ್ಲಿ ತೀರಿಕೊಂಡ ರಬ್ಬಿ ಯಾಕೋಬ್ ಮೊಯೆಲಿನ್, ಮಹಾರಿಲ್ ಅಂತ ಪ್ರಸಿದ್ಧರು, ಅವರ ಸಮಾಧಿ ಮಾತ್ರ ಪೂರ್ವಕ್ಕೆ ತಿರುಗಿದೆ. ಉಳಿದವುಗಳ ನಡುವೆ ಅದೊಂದೇ ಅಡ್ಡ ನಿಂತಂತೆ ಕಾಣುತ್ತದೆ. ಇನ್ನು ತತ್ವಜ್ಞಾನಿ ಮಾರ್ಟಿನ್ ಬೂಬರ್ ಹೆಸರಲ್ಲಿ ಒಂದು ನೋಟವೇ ಇದೆ: ಮುಂದೆ ವಾಲಿದ ಸಮಾಧಿ ಕಲ್ಲುಗಳು, ಹಿಂದೆ ಆಕಾಶಕ್ಕೆ ಎದ್ದ ಕೆಥೆಡ್ರಲ್ ಗೋಪುರಗಳು. ಎಲ್ಲರೂ ಅಲ್ಲೇ ನಿಂತು ಫೋಟೋ ತೆಗೆಯುತ್ತಾರೆ, ನೀವೂ ತೆಗೆಯಿರಿ. ಸಮಾಧಿಗೆ ಒರಗಿಕೊಂಡು ಸೆಲ್ಫಿ ಮಾತ್ರ ಬೇಡ.

ನಡವಳಿಕೆ ಅಂದಿರಿ. ಗಂಡಸರು, ಹುಡುಗರು ತಲೆ ಮುಚ್ಚಿಕೊಳ್ಳಬೇಕು. ಕ್ಯಾಪ್ ಆದರೂ ನಡೆಯುತ್ತದೆ, ಅಪ್ಪನ ಮಫ್ಲರ್ ಆದರೂ ಸರಿ. ಕಾಲುದಾರಿ ಬಿಟ್ಟು ಸಮಾಧಿ ತುಳಿಯಬಾರದು. ಹಳೇ ಭಾಗದಲ್ಲಿ ಎಲ್ಲಿ ಸಮಾಧಿ, ಎಲ್ಲಿ ಬರೀ ನೆಲ ಅನ್ನುವುದು ಗೊತ್ತಾಗುವುದಿಲ್ಲ, ಅದಕ್ಕೇ ಈ ಮಾತು. ಹೂವಿನ ಹಾರ, ಊದುಬತ್ತಿ ಒಯ್ಯಬೇಡಿ. ಹೂವು ಅವರ ಪದ್ಧತಿಯಲ್ಲ. ಸಣ್ಣ ಕಲ್ಲೊಂದನ್ನು ಇಟ್ಟು ಬರುತ್ತಾರೆ, ಯಾರೋ ಬಂದು ನೆನೆದು ಹೋದರು ಅನ್ನುವುದಕ್ಕೆ ಅದೇ ಗುರುತು. ಮಗ ಇಡುತ್ತೇನೆ ಅಂದರೆ ಇಡಲಿ, ಆದರೆ ಬೇರೆ ಸಮಾಧಿಯ ಮೇಲಿನ ಕಲ್ಲು ಎತ್ತಿಕೊಳ್ಳಬಾರದು. ಚೀಟಿಗಳನ್ನು ಬಿಚ್ಚಿ ನೋಡಬಾರದು. ಅವು ಯಾರದೋ ಹರಕೆ, ಯಾರದೋ ಸಂಕಟ. ಒಳಗೆ ಕೂತು ಬುತ್ತಿ ಬಿಚ್ಚುವುದಂತೂ ಬೇಡವೇ ಬೇಡ. ಮಳೆ ಬಂದ ಮರುದಿನ ಹುಲ್ಲು ಜಾರುತ್ತದೆ. ಅಪ್ಪನಿಗೆ ಶೂ ಹಾಕಿಸಿ, ಚಪ್ಪಲಿ ಸಾಲದು. ಮಡಚುವ ಊರುಗೋಲು ಇದ್ದರೆ ಒಳ್ಳೆಯದು. ಶೌಚಾಲಯದ ಕೆಲಸ ರೈಲು ನಿಲ್ದಾಣದಲ್ಲೇ ಮುಗಿಸಿಕೊಂಡು ಹೊರಡಿ.

ಬರುವ ದಾರಿ ಸುಲಭ. ಹೈಡೆಲ್‌ಬರ್ಗ್‌ನಿಂದ ಮಾನ್‌ಹೈಮ್, ಅಲ್ಲಿ ಬದಲಿಸಿ ಮೈನ್ಜ್ ಕಡೆಗೆ ಹೋಗುವ ಎಸ್-6 ರೈಲು ಹಿಡಿಯಿರಿ. ಮಾನ್‌ಹೈಮ್‌ನಿಂದ ಅರ್ಧ ಗಂಟೆಯ ಒಳಗೆ ವೋರ್ಮ್ಸ್. ಐದು ಜನ ಇರುವುದರಿಂದ ಗುಂಪಿನ ದಿನದ ಟಿಕೆಟ್ ಕೇಳಿ, ಬಿಡಿಬಿಡಿಯಾಗಿ ತೆಗೆದುಕೊಂಡರೆ ಜಾಸ್ತಿ ಆಗುತ್ತದೆ. ನಿಲ್ದಾಣದಿಂದ ಸ್ಮಶಾನಕ್ಕೆ ಆರಾಮಾಗಿ ನಡೆದರೂ ಕಾಲು ಗಂಟೆ.

ಭಾನುವಾರ ಬೆಳಗ್ಗೆ ಚರ್ಚುಗಳಲ್ಲಿ ಪ್ರಾರ್ಥನೆ ಇರುತ್ತದೆ. ಅದಕ್ಕೇ ಸ್ಮಶಾನ ಮೊದಲು, ಕೆಥೆಡ್ರಲ್ ಆಮೇಲೆ ಅಂದದ್ದು. ಸೇಂಟ್ ಪೀಟರ್ ಕೆಥೆಡ್ರಲ್ ಹನ್ನೆರಡನೇ ಶತಮಾನದ ಕೆಂಪು ಮರಳುಗಲ್ಲಿನ ಕಟ್ಟಡ. ಒಳಗಿನ ಚಿನ್ನದ ಬಣ್ಣದ ಬಲಿಪೀಠ ವಾಸ್ತುಶಿಲ್ಪಿ ಬಾಲ್ತಾಸರ್ ನೊಯ್ಮನ್‌ದು. ನಿಮ್ಮ ಅಮ್ಮನಿಗೆ ಇದು ಇಷ್ಟವಾದೀತು. ಉತ್ತರದ ಬಾಗಿಲಲ್ಲಿ ಸ್ವಲ್ಪ ನಿಲ್ಲಿ. ಜರ್ಮನ್ನರ ಹಳೇ ನೀಬೆಲುಂಗೆನ್ ಮಹಾಕಾವ್ಯದಲ್ಲಿ ಕ್ರೀಮ್‌ಹಿಲ್ಡ್, ಬ್ರೂನ್‌ಹಿಲ್ಡ್ ಇಬ್ಬರು ರಾಣಿಯರು 'ಮೊದಲು ಒಳಗೆ ಹೋಗುವವಳು ನಾನು' ಅಂತ ಜಗಳವಾಡುವುದು ಈ ಊರಿನ ಚರ್ಚಿನ ಮುಂದೆಯೇ. ಆ ಜಗಳದಿಂದ ಕುಲವೇ ನಾಶವಾಗುತ್ತದೆ. ಮಹಾಭಾರತ ಕೇಳಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಕೆಥೆಡ್ರಲ್ ಪಕ್ಕದ ಹೈಲ್ಸ್‌ಹೋಫ್ ತೋಟವೇ ನಾನು ಆಗ ಹೇಳಿದ ನೆರಳಿನ ಜಾಗ. ಅಲ್ಲಿ ಹಿಂದೆ ಬಿಷಪ್ಪರ ಅರಮನೆ ಇತ್ತು. 1521ರ ಏಪ್ರಿಲ್‌ನಲ್ಲಿ ಕ್ರೈಸ್ತ ಧರ್ಮ ಸುಧಾರಕ ಮಾರ್ಟಿನ್ ಲೂಥರ್ ಚಕ್ರವರ್ತಿ ಐದನೇ ಚಾರ್ಲ್ಸ್ ಮುಂದೆ ನಿಂತು 'ಬರೆದದ್ದನ್ನು ಹಿಂದೆ ತೆಗೆದುಕೊಳ್ಳುವುದಿಲ್ಲ' ಅಂದದ್ದು ಅಲ್ಲಿಯೇ. ಈಗ ಅಲ್ಲಿ ದೊಡ್ಡ ಕಂಚಿನ ಬೂಟುಗಳನ್ನು ಇಟ್ಟಿದ್ದಾರೆ. ಕಾಲು ತೂರಿಸಿ ನಿಲ್ಲಬಹುದು. ಮಗ ಅಲ್ಲಿಂದ ಬೇಗ ಕದಲುವುದಿಲ್ಲ. ನಿಲ್ದಾಣದ ದಾರಿಯಲ್ಲಿ 1868ರ ದೊಡ್ಡ ಲೂಥರ್ ಸ್ಮಾರಕವೂ ಇದೆ, ಹಾದುಹೋಗುವಾಗ ನೋಡಿದರೆ ಸಾಕು. ಇದೇ ಲೂಥರ್ 1543ರಲ್ಲಿ ಯಹೂದಿಗಳ ಸಿನಗಾಗ್‌ಗಳನ್ನು ಸುಡಿ ಅಂತ ಬರೆದರು. ಅದು ಸ್ಮಾರಕದ ಮುಂದೆ ನಿಂತಾಗ ಗೊತ್ತಿರಲಿ. ನಾಜಿಗಳು ಆ ಮಾತನ್ನು ಚೆನ್ನಾಗಿಯೇ ಬಳಸಿಕೊಂಡರು.

ಊಟದ ವಿಷಯ. ಭಾನುವಾರ ಸೂಪರ್‌ಮಾರ್ಕೆಟ್ ಮುಚ್ಚಿರುತ್ತದೆ ಅನ್ನುವುದು ನಿಮಗೆ ಗೊತ್ತೇ ಇದೆ. ಹೊಟೇಲ್ ಸಿಗುತ್ತವೆ. ಆದರೆ ಅಮ್ಮನಿಗೆ ಮೊಟ್ಟೆಯೂ ಆಗದು ಅಂದರೆ ಜರ್ಮನ್ ಸಸ್ಯಾಹಾರದಲ್ಲೇ ಅರ್ಧ ಬಾಗಿಲು ಮುಚ್ಚಿತು. ಚೀಸ್ ಸ್ಪೆಟ್ಸ್‌ಲೆ ಅನ್ನುವ ನೂಡಲ್ಸ್‌ನಂಥ ತಿಂಡಿಯ ಹಿಟ್ಟಿನಲ್ಲೇ ಮೊಟ್ಟೆ. ಮೇ ತಿಂಗಳು ಬಿಳಿ ಶತಾವರಿಯ ಕಾಲ, ಎಲ್ಲ ಕಡೆ ಬೋರ್ಡ್ ಇರುತ್ತದೆ. ಆದರೆ ಜೊತೆಗೆ ಹ್ಯಾಮ್ ಇಡುತ್ತಾರೆ, ಮೇಲೆ ಸುರಿಯುವ ಹಳದಿ ಸಾಸ್ ಮೊಟ್ಟೆಯದು. ಬರೀ ಬೆಣ್ಣೆ, ಆಲೂಗಡ್ಡೆ ಜೊತೆ ಕೊಡಿ ಅಂತ ಕೇಳಿ. ಟರ್ಕಿ ಅಂಗಡಿಯ ಫಲಾಫೆಲ್ ಸಾಮಾನ್ಯವಾಗಿ ತೊಂದರೆಯಿಲ್ಲ, ಸಾಸ್ ಮಾತ್ರ ವಿಚಾರಿಸಿ. ನನ್ನನ್ನು ಕೇಳಿದರೆ ಚಿತ್ರಾನ್ನ, ಮೊಸರನ್ನ ಕಟ್ಟಿಕೊಂಡು ಬಂದು ರೈನ್ ದಂಡೆಯ ಬೆಂಚಿನ ಮೇಲೆ ಕೂತು ತಿನ್ನುವುದೇ ವಾಸಿ. ಅಲ್ಲೇ ಹಾಗೆನ್ ನಿಧಿಯನ್ನು ನದಿಗೆ ಎಸೆಯುತ್ತಿರುವ ವಿಗ್ರಹ ಇದೆ. ಅದೂ ನೀಬೆಲುಂಗೆನ್ ಕತೆಯದೇ.

ಮಧ್ಯಾಹ್ನ ಯೂಡೆನ್‌ಗಾಸ್ಸೆಗೆ ಹೋಗಿ, ಯಹೂದಿಗಳ ಹಳೇ ಬೀದಿ. ಊರಿನ ಉತ್ತರದ ಕೋಟೆಗೋಡೆಗೆ ಒತ್ತಿಕೊಂಡಂತೆ ಬಾಗಿ ಹೋಗುತ್ತದೆ. ಇಲ್ಲಿನ ಸಿನಗಾಗ್ ಮೊದಲು ಕಟ್ಟಿದ್ದು 1034ರಲ್ಲಿ. ಆ ಮೇಲಿನದು ಹೇಳಿದರೆ ಮುಗಿಯುವುದಿಲ್ಲ. 1096ರಲ್ಲಿ ಮೊದಲ ಧರ್ಮಯುದ್ಧಕ್ಕೆ (ಕ್ರುಸೇಡ್) ಹೊರಟ ಗುಂಪುಗಳು ಈ ಊರಿನಲ್ಲಿ ಸುಮಾರು 800 ಯಹೂದಿಗಳನ್ನು ಕೊಂದವು ಅಂತ ಹೀಬ್ರೂ ವೃತ್ತಾಂತಗಳು ಹೇಳುತ್ತವೆ. 1349ರಲ್ಲಿ ಪ್ಲೇಗ್ ಬಂದಾಗ ಮತ್ತೆ ಹತ್ಯೆ. 1938ರ ನವೆಂಬರ್‌ನಲ್ಲಿ ನಾಜಿಗಳು ಸಿನಗಾಗ್‌ಗೆ ಬೆಂಕಿ ಇಟ್ಟರು. 1942ರ ಮಾರ್ಚ್, ಸೆಪ್ಟೆಂಬರ್‌ನಲ್ಲಿ ಉಳಿದವರನ್ನು ರೈಲಿಗೆ ತುಂಬಿ ಕಳಿಸಿದರು. ಈಗಿನ ಕಟ್ಟಡ ಸಿಕ್ಕಿದ ಹಳೇ ಕಲ್ಲುಗಳನ್ನೇ ಸೇರಿಸಿ ಕಟ್ಟಿ 1961ರಲ್ಲಿ ಮುಗಿಸಿದ್ದು. ಒಳಗೆ ನೋಡುವಾಗ ಗೋಡೆಯಲ್ಲಿ ಯಾವುದು ಹಳೇ ಕಲ್ಲು, ಯಾವುದು ಹೊಸದು ಅಂತ ಗಮನಿಸಿ. ಇಲ್ಲೂ ಗಂಡಸರಿಗೆ ತಲೆ ಮುಚ್ಚಬೇಕು.

ಹೊರಗೋಡೆಯಲ್ಲಿ ಒಂದು ಗುಳಿ ಇದೆ, ಮಗನಿಗೆ ತೋರಿಸಿ. ಗರ್ಭಿಣಿಯೊಬ್ಬಳು ಈ ಇಕ್ಕಟ್ಟಿನ ಓಣಿಯಲ್ಲಿ ಬರುವಾಗ ಗಾಡಿಯೊಂದು ನುಗ್ಗಿ ಬಂತಂತೆ. ಅವಳು ಗೋಡೆಗೆ ಒತ್ತಿಕೊಂಡಾಗ ಗೋಡೆಯೇ ಒಳಗೆ ಸರಿದು ಜಾಗ ಕೊಟ್ಟಿತಂತೆ. ಹುಟ್ಟಿದ ಮಗು ಮುಂದೆ ದೊಡ್ಡ ಪಂಡಿತನಾಯಿತು. ಅದು ರಾಶಿ ಅಂತ ಕೆಲವರು, ಬೇರೆ ಒಬ್ಬರು ಅಂತ ಕೆಲವರು. ರಾಶಿ ಅಂದರೆ ಬೈಬಲ್‌ಗೂ ಯಹೂದಿಗಳ ಧರ್ಮಶಾಸ್ತ್ರ ಗ್ರಂಥ ತಾಲ್ಮುಡ್‌ಗೂ ಇವತ್ತಿಗೂ ಎಲ್ಲರೂ ಓದುವ ಟೀಕೆ ಬರೆದವರು. 1060ರ ಸುಮಾರಿಗೆ ಇಲ್ಲಿ ಓದಿದ್ದರು. ಅವರು ಫ್ರಾನ್ಸಿನವರು, ಗೋಡೆಯ ಕತೆ ಅವರಿಗೆ ಹೊಂದುವುದಿಲ್ಲ. ಆದರೂ ಕೇಳುವಾಗ ಚೆನ್ನಾಗಿದೆ. ಅವರ ಹೆಸರಿನ ರಾಶಿ ಹೌಸ್‌ನಲ್ಲಿ ಯಹೂದಿ ಮ್ಯೂಸಿಯಂ ಇದೆ.

ಬೀದಿಯಲ್ಲಿ ನಡೆಯುವಾಗ ಕಾಲಡಿಯಲ್ಲಿ ಅಂಗೈಯಗಲದ ಹಿತ್ತಾಳೆ ಫಲಕಗಳು ಕಾಣುತ್ತವೆ. ಇಂಥವರು ಇಲ್ಲಿ ವಾಸವಿದ್ದರು, ಇಂಥ ವರ್ಷ ಒಯ್ದರು ಅಂತ ಹೆಸರು ಸಮೇತ ಬರೆದಿರುತ್ತದೆ. ಎಂಟು ವರ್ಷದ ಹುಡುಗನಿಗೆ ಗ್ಯಾಸ್ ಕೋಣೆಗಳ ವಿವರ ಬೇಡ. ಇದ್ದಕ್ಕಿದ್ದಂತೆ ಮನೆಯಿಂದ ಎಬ್ಬಿಸಿ ಒಯ್ದರು, ವಾಪಸ್ ಬರಲಿಲ್ಲ ಅಂತ ಹೇಳಿ. ಜರ್ಮನ್ ಶಾಲೆಯಲ್ಲಿ ಮುಂದೆ ಇದನ್ನು ಹೇಗೂ ಕಲಿಸುತ್ತಾರೆ.

ನೀಬೆಲುಂಗೆನ್ ಮ್ಯೂಸಿಯಂ ಕೋಟೆಗೋಡೆಯ ಒಳಗೇ ಇದೆ, ಮೆಟ್ಟಿಲು ಜಾಸ್ತಿ. ಅಪ್ಪ ಸುಸ್ತಾಗಿದ್ದರೆ ಬಿಡಿ. ಅದರ ಬದಲು ದ್ರಾಕ್ಷಿ ತೋಟದ ಮಧ್ಯೆ ನಿಂತಿರುವ ಲೀಬ್‌ಫ್ರಾವೆನ್ ಚರ್ಚ್ ಕಡೆ ಒಂದು ಸುತ್ತು ಹಾಕಿ. ಒಂದು ಕಾಲಕ್ಕೆ ಜಗತ್ತೆಲ್ಲ ಕುಡಿದ ಲೀಬ್‌ಫ್ರಾವ್‌ಮಿಲ್ಶ್ ವೈನಿನ ಮೂಲ ಈ ತೋಟವೇ.

ಇನ್ನೊಂದು ಭಾನುವಾರ ಸಿಕ್ಕರೆ ಸ್ಪೈಯರ್‌ಗೆ ಹೋಗಿ. ನಿಮಗೆ ಅದು ಇನ್ನೂ ಹತ್ತಿರ. ಅಲ್ಲಿ ಚಕ್ರವರ್ತಿಗಳನ್ನು ಹೂಳಿದ ಕೆಥೆಡ್ರಲ್ ಇದೆ. ಮಗನಿಗೆ ತಾಂತ್ರಿಕ ಮ್ಯೂಸಿಯಂ ಇದೆ, ಕಂಬಗಳ ಮೇಲೆ ಎತ್ತಿ ನಿಲ್ಲಿಸಿದ ಬೋಯಿಂಗ್ 747 ಒಳಗೇ ಹತ್ತಿ ಓಡಾಡಬಹುದು. ಯಹೂದಿ ಅಂಗಳದಲ್ಲಿ ಮಿಕ್ವೆ, ಅಂದರೆ ನೆಲದಡಿಯ ಶುದ್ಧಿಸ್ನಾನದ ಕೊಳ. ಹನ್ನೆರಡನೇ ಶತಮಾನದ್ದು, ತೀರಾ ಸುಸ್ಥಿತಿಯಲ್ಲಿದೆ. ವೋರ್ಮ್ಸ್‌ನಲ್ಲೂ 1185-86ರ ಮಿಕ್ವೆ ಇದೆ, ಆದರೆ ದುರಸ್ತಿಗೆ ಅಂತ ಮುಚ್ಚುವುದುಂಟು. ಊರಿನ ಪ್ರವಾಸಿ ಕಚೇರಿಗೆ ಮೊದಲೇ ಕೇಳಿಕೊಂಡು ಹೊರಡಿ. ಎರಡೂ ಕಡೆ ಮೆಟ್ಟಿಲು ಕಡಿದು, ಕೆಳಗೆ ತೇವ. ಅಪ್ಪ ಅಂಗಳದಲ್ಲೇ ಕೂತಿರಲಿ, ನೀವೂ ಮಗನೂ ಇಳಿದು ಫೋಟೋ ತಂದು ತೋರಿಸಿ.